ಜನರೇಟರ್ ತರುವ ಮೊದಲು ಮನೆ ತಯಾರಾಗಲಿ

(ಸಂಘದ ಸದಸ್ಯರ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕುಂದಾಪುರ ತಾಲೂಕಿನ ಹೊಸಂಗಡಿಯಲ್ಲಿ ವಾರಾಹಿಯ ಭೂಗರ್ಭ ವಿದ್ಯುದಾಗಾರ ಇದೆ. 115 ಮೆಗಾವಾಟಿನ ನಾಲ್ಕು ಯಂತ್ರ, ಒಟ್ಟು 460 ಮೆಗಾವಾಟ್. ಆದರೂ ಜೂನ್ ತಿಂಗಳ ಮೊದಲ ಗಾಳಿಮಳೆಗೆ ನಮ್ಮ ಮನೆಗಳಲ್ಲಿ ಕತ್ತಲೆ. "ಹ್ವಾಯ್, ನಿಮ್ಮಲ್ಲಿ ಕರೆಂಟ್ ಇತ್ತಾ?" ಎಂದು ಕೇಳುವುದೇ ಆ ದಿನಗಳ ಕುಶಲಪ್ರಶ್ನೆ. ವಾರಾಹಿಯಲ್ಲಿ ಎಷ್ಟು ಕರೆಂಟ್ ಹುಟ್ಟಿದರೇನು, ನಮ್ಮ ಮನೆಗೆ ಬರುವ ತಂತಿ ತೆಂಗು, ಹಲಸುಗಳ ನಡುವೆ ನುಸುಳಿಕೊಂಡೇ ಬರಬೇಕಲ್ಲ. ಒಂದು ಹೆಡೆಮಡಲು ಬಿದ್ದರೆ ಸಾಕು.

ಹಾಗಾಗಿ ಜನರೇಟರ್ ಕೊಳ್ಳುವವರು ಕೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೆ ಮೊದಲು ಮನೆಯಲ್ಲಿ ಒಂದು ಚೇಂಜ್‌ಓವರ್ ಸ್ವಿಚ್ ಕೂರಬೇಕು. ಇವತ್ತು ನಾನು ಮುಖ್ಯವಾಗಿ ಹೇಳಲು ಬಂದದ್ದು ಇದನ್ನೇ.

ಕೆಲವರು ಎರಡೂ ತುದಿಗೆ ಪಿನ್ ಇರುವ ವಯರ್ ಮಾಡಿಸಿ, ಜನರೇಟರಿನ ಕರೆಂಟನ್ನು ಗೋಡೆಯ ಪ್ಲಗ್ಗಿಗೇ ಚುಚ್ಚುತ್ತಾರೆ. ಮನೆಯೆಲ್ಲ ಬೆಳಗುತ್ತದೆ, ನಿಜ. ಆದರೆ ಮೈನ್ ಸ್ವಿಚ್ ತೆಗೆಯಲು ಮರೆತಿರೋ, ಆ ಕರೆಂಟ್ ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ. ಕಂಬದಿಂದ ಟ್ರಾನ್ಸ್‌ಫಾರ್ಮರಿಗೆ. 11 ಸಾವಿರ ವೋಲ್ಟನ್ನು ಇಳಿಸಿ ನಮಗೆ ಕೊಡುವ ಅದೇ ಟ್ರಾನ್ಸ್‌ಫಾರ್ಮರ್, ಹಿಂದಿನಿಂದ ಬಂದ 230 ವೋಲ್ಟನ್ನು ಏರಿಸಿ ಸಾವಿರಾರು ವೋಲ್ಟ್ ಮಾಡುತ್ತದೆ. ಅಲ್ಲಿ ಮಳೆಯಲ್ಲಿ ನೆನೆಯುತ್ತ, ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದವ ನಮ್ಮದೇ ಊರಿಗೆ ಕರೆಂಟ್ ಕೊಡಲು ಬಂದ ಲೈನ್‌ಮ್ಯಾನ್.

"ಅಷ್ಟು ಮನೆಯ ಲೋಡ್ ಬಿದ್ದರೆ ನಮ್ಮ ಸಣ್ಣ ಜನರೇಟರ್ ತಾನೇ ನಿಲ್ತದೆ" ಎಂದು ವಾದಿಸುವವರಿದ್ದಾರೆ. ತಂತಿ ನಿಮ್ಮ ಮನೆಯ ಹತ್ತಿರವೇ ತುಂಡಾಗಿದ್ದರೆ ಲೋಡ್ ಎಲ್ಲಿಂದ ಬರಬೇಕು? ಪಿನ್ನಿನ ಆ ವಯರ್ ಒಂದು ಬದಿ ಕಳಚಿದರೆ ಬರಿ ಹಿತ್ತಾಳೆ ಪಿನ್ನಿನಲ್ಲೇ ಕರೆಂಟ್. ಮನೆಯ ಮಗು ಮುಟ್ಟಿದರೂ ಮುಗಿಯಿತು.

ಚೇಂಜ್‌ಓವರ್ ಸ್ವಿಚ್ಚಿನಲ್ಲಿ ಮರೆವಿಗೆ ಜಾಗವೇ ಇಲ್ಲ. ಮೆಸ್ಕಾಂ ಕಡೆಗಾದರೆ ಮೆಸ್ಕಾಂ, ಜನರೇಟರ್ ಕಡೆಗಾದರೆ ಜನರೇಟರ್, ಎರಡೂ ಒಟ್ಟಿಗೆ ಸೇರುವುದಿಲ್ಲ. ಸಿಂಗಲ್ ಫೇಸಿಗೆ ಎರಡು ಪೋಲಿನದು, ತ್ರೀಫೇಸಿಗೆ ನಾಲ್ಕು ಪೋಲಿನದು ಬೇಕು. ನ್ಯೂಟ್ರಲ್ ಸಹ ಕಡಿಯಬೇಕು. ಲೈಸೆನ್ಸ್ ಇರುವ ಕಂತ್ರಾಟುದಾರರಿಂದಲೇ ಮಾಡಿಸಿ, ಮೆಸ್ಕಾಂ ಕಚೇರಿಗೆ ತಿಳಿಸಿ. ಅರ್ಥಿಂಗ್ ಸರಿಯಿದೆಯೇ ನೋಡಿಸಿ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗುತ್ತದೆ, ಆಗ ಅರ್ಥ್ ಗುಂಡಿಗೆ ನೀರು ಹೊಯ್ಯಬೇಕು.

ಇನ್ನು ಲೋಡಿನ ಲೆಕ್ಕ. ಒಂದು ಎಚ್.ಪಿ. ಎಂದರೆ 746 ವಾಟ್. ಆದರೆ ಪಂಪು ಹೊರಡುವಾಗ ಅದರ ಹಲವು ಪಟ್ಟು ಎಳೆಯುತ್ತದೆ. ಸಣ್ಣ ಜನರೇಟರ್ ಅಲ್ಲೇ ಉಸಿರು ಬಿಡುವುದು. ದೀಪ, ಫ್ಯಾನ್, ಫ್ರಿಜ್ಜುಗಳಿಗೆ ಮಾತ್ರ ಬೇರೆ ಬೋರ್ಡ್ ಮಾಡಿಸಿ, ಮೋಡ ಕಂಡಾಗಲೇ ಟ್ಯಾಂಕ್ ತುಂಬಿಸಿಕೊಂಡರೆ ಖರ್ಚು ಕಮ್ಮಿ.

ಇಡುವುದೆಲ್ಲಿ? ಮಳೆ ಬರುತ್ತದೆಂದು ಚಾವಡಿಯಲ್ಲೋ ಬಚ್ಚಲಮನೆಯಲ್ಲೋ ಕೊಟ್ಟಿಗೆಯಲ್ಲೋ ಇಡಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಮಳೆಗಾಲದ ಗಾಳಿ ನಮ್ಮಲ್ಲಿ ಪಡುವಣ ಕಡೆಯಿಂದ ಬೀಸುವುದರಿಂದ, ಮನೆಯ ಮೂಡು ಬದಿಗೆ, ಕಿಟಕಿಗಳಿಂದ 20 ಅಡಿಯಾದರೂ ದೂರದಲ್ಲಿ, ಸುತ್ತ ತೆರೆದ ತಗಡಿನ ಮಾಡು ಹಾಕಿ. ಪೆಟ್ರೋಲ್ ಹಾಕುವುದು ಇಂಜಿನ್ ಆರಿದ ಮೇಲೆ. ಗಂಗೊಳ್ಳಿ, ಮರವಂತೆ, ಶಿರೂರು, ಕೋಡಿ ಕಡೆಯ ಕಡಲ ಬದಿಯವರು ಉಪ್ಪುಗಾಳಿಗೆ ಟರ್ಮಿನಲ್ ಕಿಲುಬು ಹಿಡಿಯದಂತೆ ನೋಡಿಕೊಳ್ಳಬೇಕು. ತಿಂಗಳಿಗೊಮ್ಮೆ ಹತ್ತು ನಿಮಿಷ ಓಡಿಸಿ.

ಕಡೆಯದಾಗಿ, ನಮ್ಮಲ್ಲಿ ಎಷ್ಟೋ ಮನೆಯ ಗಂಡಸರು ಬೆಂಗಳೂರು, ಮುಂಬಯಿಯ ಹೋಟೆಲುಗಳಲ್ಲಿದ್ದಾರೆ. ನಡುರಾತ್ರಿ ಸ್ವಿಚ್ ತಿರುಗಿಸಬೇಕಾದವರು ಮನೆಯ ಹೆಂಗಸರು. ಆದುದರಿಂದ ಸ್ವಿಚ್ಚಿನ ಎರಡು ಬದಿಗೂ ಕನ್ನಡದಲ್ಲಿ ದೊಡ್ಡದಾಗಿ ಹೆಸರು ಬರೆಸಿ. ಕರೆಂಟ್ ಬಂದದ್ದು ತಿಳಿಯಲು ಮೆಸ್ಕಾಂ ಬದಿಗೆ ಸಣ್ಣ ಇಂಡಿಕೇಟರ್ ದೀಪ ಹಾಕಿಸಿ. ಮಳೆಗಾಲಕ್ಕೆ ಮೊದಲು, ಹಗಲು ಹೊತ್ತಿನಲ್ಲಿ, ಅವರ ಕೈಯಿಂದಲೇ ಒಮ್ಮೆ ಎಲ್ಲವನ್ನೂ ಮಾಡಿಸಿ ನೋಡಿ.