ಹಕ್ಕಲಾಯ್ದ ಸೊಸೆ, ಹಬ್ಬದ ತೆನೆ

(ಮಾತೆ ಮರಿಯಮ್ಮನವರ ಜನನೋತ್ಸವದ ಪ್ರಬೋಧನೆ – ಸೆಪ್ಟೆಂಬರ್ 8)



ಇಂದು ನಮ್ಮ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ಒಂಬತ್ತು ದಿನಗಳಿಂದ ಮಕ್ಕಳು ಹೂವು ತಂದು ತಾಯಿಯ ಪಾದಕ್ಕೆ ಅರ್ಪಿಸಿದ್ದಾರೆ. ಇಂದು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿದ್ದೇವೆ. ಪೂಜೆ ಮುಗಿದ ಮೇಲೆ ಆ ತೆನೆ ನಿಮ್ಮ ಮನೆಗೆ ಬರುತ್ತದೆ. ಅದರ ನಾಲ್ಕು ಕಾಳು ಹಾಲಿಗೋ ಪಾಯಸಕ್ಕೋ ಸೇರುತ್ತದೆ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಹೊಸ ಊಟ ಮಾಡುತ್ತೀರಿ.

ಈ ಹಬ್ಬದ ಶುಭಸಂದೇಶ ಮಾತ್ರ ಅನೇಕರಿಗೆ ಬೇಸರ ತರಿಸುತ್ತದೆ. ಸಂತ ಮತ್ತಾಯರು ಬರೆದ ಶುಭಸಂದೇಶದ ಮೊದಲನೆಯ ಅಧ್ಯಾಯ, ಬರೀ ಹೆಸರುಗಳ ಪಟ್ಟಿ. ಮರಿಯಮ್ಮನವರು ಹುಟ್ಟಿದ ಸಂಗತಿಯನ್ನು ಬೈಬಲ್ ಎಲ್ಲಿಯೂ ಹೇಳುವುದಿಲ್ಲ. ಅವರ ತಂದೆತಾಯಿ ಜೋಕಿಮ್ ಮತ್ತು ಅನ್ನಮ್ಮನವರ ಹೆಸರು ನಮಗೆ ತಿಳಿದಿರುವುದು ಧರ್ಮಸಭೆಯ ಪರಂಪರೆಯಿಂದ. ಆದ್ದರಿಂದ ಧರ್ಮಸಭೆ ಇಂದು ಯೇಸುಸ್ವಾಮಿಯ ವಂಶಾವಳಿಯನ್ನು ನಮ್ಮ ಮುಂದಿಡುತ್ತದೆ. ಆ ಪಟ್ಟಿಯಲ್ಲಿ ಮರಿಯಮ್ಮನವರಲ್ಲದೆ ನಾಲ್ವರು ಸ್ತ್ರೀಯರಿದ್ದಾರೆ: ತಾಮಾರ್, ರಾಹಾಬ್, ರೂತ್ ಮತ್ತು ಊರೀಯನ ಹೆಂಡತಿ. ಇವರಲ್ಲಿ ರೂತಳ ಹೆಸರಿನಲ್ಲಿ ಬೈಬಲಿನಲ್ಲಿ ಒಂದು ಪುಟ್ಟ ಗ್ರಂಥವೇ ಇದೆ. ನಾಲ್ಕೇ ಅಧ್ಯಾಯ, 85 ವಚನ. ಅರ್ಧ ಗಂಟೆಯೊಳಗೆ ಓದಿ ಮುಗಿಸಬಹುದು. ಇದೂ ಒಂದು ಸುಗ್ಗಿಯ ಕಥೆ, ಇದೂ ಒಂದು ಮನೆಯ ಕಥೆ. ಒಂದೊಂದು ಅಧ್ಯಾಯದಿಂದ ಒಂದೊಂದು ಪಾಠವನ್ನು ಕಲಿಯೋಣ.

1. ಒಂಟಿಯಾದವರ ಜೊತೆ ನಿಲ್ಲುವುದು

ಬೆತ್ಲೆಹೇಮ್ ಎಂದರೆ ರೊಟ್ಟಿಯ ಮನೆ. ಆ ರೊಟ್ಟಿಯ ಮನೆಯಲ್ಲೇ ಬರಗಾಲ ಬಂತು. ಎಲೀಮೆಲೆಕ, ಅವನ ಹೆಂಡತಿ ನವೊಮಿ, ಇಬ್ಬರು ಗಂಡುಮಕ್ಕಳು ಹೊಟ್ಟೆಪಾಡಿಗಾಗಿ ಮೋವಾಬ್ ದೇಶಕ್ಕೆ ಹೋದರು. ಅಲ್ಲಿ ಗಂಡ ತೀರಿಕೊಂಡ. ಮಕ್ಕಳು ಅಲ್ಲಿಯ ಹುಡುಗಿಯರನ್ನು ಮದುವೆಯಾದರು. ಸುಮಾರು ಹತ್ತು ವರ್ಷಗಳಲ್ಲಿ ಆ ಮಕ್ಕಳೂ ತೀರಿಕೊಂಡರು. ಉಳಿದವರು ಮೂವರು ವಿಧವೆಯರು.

ನವೊಮಿ ತವರಿಗೆ ಹೊರಟಾಗ ಸೊಸೆಯರಿಗೆ, ನಿಮ್ಮ ನಿಮ್ಮ ತಾಯಂದಿರ ಮನೆಗೆ ಹೋಗಿ ಎಂದಳು. ಒರ್ಫಾ ಅಳುತ್ತಾ ಹಿಂದಿರುಗಿದಳು. ಅವಳನ್ನು ಬೈಬಲ್ ಬೈಯುವುದಿಲ್ಲ, ನಾವೂ ಬೈಯಬಾರದು. ರೂತಳು ಮಾತ್ರ ಅತ್ತೆಯನ್ನು ಬಿಡಲಿಲ್ಲ. ಅತ್ತೆಯ ಜನವೇ ತನ್ನ ಜನ, ಅತ್ತೆಯ ದೇವರೇ ತನ್ನ ದೇವರು, ಅತ್ತೆ ಸಾಯುವಲ್ಲೇ ತನ್ನ ಸಾವು ಎಂದು ಹೇಳಿ ಹೊರಟಳು.

'ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ' ಎಂಬ ಗಾದೆ ನಮಗೆಲ್ಲ ಗೊತ್ತು. ಅಲ್ಲಿ ಕಾಲ ಬಂದಾಗ ಲೆಕ್ಕ ತೀರಿಸಿಕೊಳ್ಳುವ ಮಾತಿದೆ. ರೂತಳು ಲೆಕ್ಕವನ್ನೇ ಇಡಲಿಲ್ಲ. ಊರಿಗೆ ಬಂದ ನವೊಮಿ, ತನ್ನನ್ನು ನವೊಮಿ, ಅಂದರೆ ಮಧುರೆ ಎಂದು ಕರೆಯಬೇಡಿ, ಮಾರಾ, ಅಂದರೆ ಕಹಿ ಎಂದು ಕರೆಯಿರಿ ಎಂದಳು. ತುಂಬಿದವಳಾಗಿ ಹೋದೆ, ಬರಿಗೈಯಲ್ಲಿ ಬಂದೆ ಎಂದು ದುಃಖಿಸಿದಳು. ಆಗ ರೂತಳು ಪಕ್ಕದಲ್ಲೇ ನಿಂತಿದ್ದಳು! 'ಹಾಗಾದರೆ ನಾನು ಯಾರು?' ಎಂದು ಅವಳು ಕೇಳಿದಂತೆ ಗ್ರಂಥದಲ್ಲಿಲ್ಲ. ದುಃಖದಲ್ಲಿರುವವರ ಕಹಿ ಮಾತನ್ನು ಸಹಿಸುವುದೂ ಒಂದು ಸೇವೆ. ಹಿರಿಯರು ಹೇಳಿದ್ದನ್ನೇ ಹತ್ತು ಸಲ ಹೇಳುವಾಗ, ಸಿಡುಕುವಾಗ, ಇದನ್ನು ನೆನಪಿಡೋಣ. ತಂದೆತಾಯಿಯನ್ನು ಮಕ್ಕಳು ನೋಡಿಕೊಳ್ಳಬೇಕೆಂದು ನಮ್ಮ ದೇಶದಲ್ಲಿ 2007ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ರೂತಳಿಗೆ ಅಂಥ ಕಟ್ಟುಪಾಡು ಇರಲಿಲ್ಲ, ಪ್ರೀತಿ ಇತ್ತು.

2. ಹೊಲದ ಅಂಚನ್ನು ಬಿಡುವುದು

ಅದು ಜವೆಗೋದಿಯ ಸುಗ್ಗಿ. ರೂತಳು ಹಕ್ಕಲಾಯಲು ಹೊರಟಳು. ಹೊಲದ ಅಂಚಿನವರೆಗೆ ಕೊಯ್ಯಬಾರದು, ಬಿದ್ದ ತೆನೆಯನ್ನು ಆರಿಸಬಾರದು, ಅದು ಬಡವರಿಗೂ ಪರದೇಶಿಗಳಿಗೂ ಸೇರಿದ್ದು ಎಂದು ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ದೇವರೇ ವಿಧಿಸಿದ್ದಾರೆ. ಅದು ಭಿಕ್ಷೆಯಲ್ಲ, ಬಡವರ ಹಕ್ಕು.

ಹೊಲದ ಯಜಮಾನ ಬೋವಜ ಇನ್ನೂ ಮುಂದೆ ಹೋದ. ಈ ಹೆಣ್ಣುಮಗಳನ್ನು ಯಾರೂ ಮುಟ್ಟಕೂಡದು ಎಂದು ಆಳುಗಳಿಗೆ ಅಪ್ಪಣೆ ಮಾಡಿದ. ಬಾಯಾರಿದಾಗ ಕೊಡದ ನೀರು ಕುಡಿಯಲು ಹೇಳಿದ, ಊಟಕ್ಕೆ ಜೊತೆಯಲ್ಲಿ ಕೂರಿಸಿದ. ಕಟ್ಟುಗಳಿಂದ ಬೇಕೆಂದೇ ತೆನೆಗಳನ್ನು ಬೀಳಿಸಿ ಎಂದ. ಸಂಜೆಗೆ ಅವಳ ಮಡಿಲಿಗೆ ಸುಮಾರು ಒಂದು ಏಫಾ ಧಾನ್ಯ ಸೇರಿತು. ಇಂದಿನ ಅಳತೆಯಲ್ಲಿ 20 ಲೀಟರಿಗೂ ಹೆಚ್ಚು. ಮಧ್ಯಾಹ್ನ ತಾನು ಉಂಡು ಮಿಕ್ಕಿದ್ದನ್ನೂ ಅವಳು ಅತ್ತೆಗೆಂದು ಕಟ್ಟಿಕೊಂಡು ಬಂದಿದ್ದಳು.

ಇಸ್ರಯೇಲರು ದಾರಿಯಲ್ಲಿದ್ದಾಗ ಮೋವಾಬಿನವರು ಅನ್ನನೀರು ಕೊಡಲಿಲ್ಲವೆಂದು ಅವರನ್ನು ಸಭೆಗೆ ಸೇರಿಸಬಾರದೆಂಬ ಕಟ್ಟಳೆ ಧರ್ಮೋಪದೇಶಕಾಂಡದಲ್ಲಿದೆ. ಇಲ್ಲಿ ಅದೇ ಮೋವಾಬಿನ ಹೆಣ್ಣುಮಗಳು ಬೆತ್ಲೆಹೇಮಿನ ವಿಧವೆಗೆ ಅನ್ನ ತಂದುಕೊಡುತ್ತಾಳೆ! ಒಂದು ಜನಾಂಗದ ಮೇಲೆ ನಾವು ಹಚ್ಚುವ ಹಣೆಪಟ್ಟಿ ಎಷ್ಟು ಸುಳ್ಳಾಗಬಹುದು, ನೋಡಿ.

ನಮ್ಮ ತೋಟಗಳಲ್ಲಿ, ಕಟ್ಟಡಗಳಲ್ಲಿ ಇಂದು ಅಸ್ಸಾಂ, ಒಡಿಶಾ, ಜಾರ್ಖಂಡ್‌ಗಳಿಂದ ಬಂದವರು ದುಡಿಯುತ್ತಾರೆ. ಅವರಿಗೆ ಸರಿಯಾದ ಕೂಲಿ ಸಮಯಕ್ಕೆ ಸಿಗುತ್ತಿದೆಯೇ? ಕುಡಿಯುವ ನೀರು, ಶೌಚಾಲಯ ಇವೆಯೇ? ಹೆಣ್ಣುಮಕ್ಕಳು ಭಯವಿಲ್ಲದೆ ಕೆಲಸ ಮಾಡಬಹುದೇ? ಬೋವಜ ಮೂರು ಸಾವಿರ ವರ್ಷಗಳ ಹಿಂದೆ ಮಾಡಿದ್ದನ್ನು ನಾವು ಇಂದು ಮಾಡಲಾಗದೇ?

3. ಇನ್ನೊಬ್ಬರ ನಾಳೆಯನ್ನು ಚಿಂತಿಸುವುದು

ಮೂರನೆಯ ಅಧ್ಯಾಯದಲ್ಲಿ ನವೊಮಿ ಬದಲಾಗುತ್ತಾಳೆ. ತನ್ನ ನೋವನ್ನಷ್ಟೇ ನೋಡುತ್ತಿದ್ದವಳು ಈಗ, ಸೊಸೆಗೊಂದು ನೆಲೆ ಬೇಕು ಎನ್ನುತ್ತಾಳೆ. ಸೊಸೆ ಹೋದರೆ ನನಗಾರು ಎಂದು ಅವಳು ಹಿಡಿದಿಟ್ಟುಕೊಳ್ಳಲಿಲ್ಲ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಮಗಳೋ ಸೊಸೆಯೋ ನಮ್ಮ ಮನೆಯಲ್ಲಿದ್ದರೆ, ಅವಳ ಮುಂದಿನ ಬದುಕಿಗೆ ದಾರಿ ಮಾಡಿಕೊಡುವವರು ನಾವೇ ಆಗಬೇಕು. ಆಗ ಊರಿನ ಬಾಯಿಗೆ ಹೆದರಬೇಕಾಗಿಲ್ಲ.

4. ನಷ್ಟಕ್ಕೆ ಹೆದರದ ನ್ಯಾಯ

ಊರ ಬಾಗಿಲಲ್ಲಿ ಹತ್ತು ಮಂದಿ ಹಿರಿಯರ ಮುಂದೆ ಪಂಚಾಯಿತಿ ಸೇರಿತು. ಎಲೀಮೆಲೆಕನ ಹೊಲವನ್ನು ಬಿಡಿಸಿಕೊಳ್ಳುವ ಮೊದಲ ಹಕ್ಕು ಹತ್ತಿರದ ಇನ್ನೊಬ್ಬ ಬಂಧುವಿನದು. ಹೊಲವೆಂದಾಗ ಅವನು ಒಪ್ಪಿದ. ಹೊಲದ ಜೊತೆ ರೂತಳ ಹೊಣೆಯೂ ಇದೆ ಎಂದಾಗ, ತನ್ನ ಆಸ್ತಿಗೆ ನಷ್ಟವಾದೀತೆಂದು ಹಿಂದೆ ಸರಿದು ಕೆರ ಬಿಚ್ಚಿಕೊಟ್ಟ. ಬೋವಜ ಎರಡನ್ನೂ ವಹಿಸಿಕೊಂಡ.

ಆಸ್ತಿ ಉಳಿಸಿಕೊಂಡ ಆ ಮನುಷ್ಯನ ಹೆಸರೇನು? ಗ್ರಂಥಕರ್ತ ಅದನ್ನು ಬರೆಯಲೇ ಇಲ್ಲ. ಮೂಲ ಭಾಷೆಯಲ್ಲಿ 'ಇಂಥವನೇ' ಎಂದು ಕರೆದು ಬಿಟ್ಟಿದ್ದಾನೆ. ಬೋವಜನ ಹೆಸರನ್ನಾದರೋ ಇಂದಿಗೂ ನಾವು ಬಲಿಪೂಜೆಯಲ್ಲಿ ಓದುತ್ತೇವೆ.

ಜಮೀನಿನ ಪಾಲು ಎಂದಾಗ ಮುಂದೆ ಬಂದು, ಅಮ್ಮನನ್ನು ಯಾರು ನೋಡಿಕೊಳ್ಳುತ್ತೀರಿ ಎಂದಾಗ ಹಿಂದೆ ಸರಿಯುವವರು ನಮ್ಮಲ್ಲಿಲ್ಲವೇ? ಒಂದು ವಿಷಯ ತಿಳಿದಿರಲಿ. ನಮ್ಮ ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಗಂಡ ಉಯಿಲು ಬರೆಯದೆ ತೀರಿಕೊಂಡರೆ, ಮಕ್ಕಳಿರುವ ವಿಧವೆಗೆ ಆಸ್ತಿಯ ಮೂರರಲ್ಲಿ ಒಂದು ಪಾಲು ಸೇರಬೇಕು; ಉಳಿದದ್ದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ ಸೇರಬೇಕು. ಅಮ್ಮನಿಗೆ ಅಕ್ಷರ ಬಾರದೆಂದು ಹೆಬ್ಬೆಟ್ಟು ಒತ್ತಿಸಿಕೊಂಡು ಆ ಪಾಲನ್ನು ಕಸಿಯುವುದು ಪಾಪ. ಅಂಥ ಜಮೀನಿನ ತೆನೆಯನ್ನು ಆಶೀರ್ವಾದಕ್ಕೆ ತರುವ ಮೊದಲು ಅಮ್ಮನ ಪಾಲನ್ನು ಅಮ್ಮನಿಗೆ ಕೊಡಬೇಕು.

ಪ್ರಿಯರೇ, ಈ ಗ್ರಂಥದಲ್ಲಿ ಕೆಂಪು ಸಮುದ್ರ ಇಬ್ಭಾಗವಾಗುವುದಿಲ್ಲ, ದೇವದೂತರು ಕಾಣಿಸಿಕೊಳ್ಳುವುದಿಲ್ಲ. ಸೊಸೆಯ ನಿಷ್ಠೆ, ಯಜಮಾನನ ಔದಾರ್ಯ, ಅತ್ತೆಯ ಕಾಳಜಿ, ಇವುಗಳ ಮೂಲಕವೇ ದೇವರು ಕೆಲಸ ಮಾಡುತ್ತಾರೆ. ರೂತಳಿಗೆ ಓಬೇದ ಹುಟ್ಟಿದ. ಅವನ ಮಗ ಇಷಾಯ, ಇಷಾಯನ ಮಗ ದಾವೀದ. ಕಹಿಯೆಂದು ಕೊರಗಿದ ನವೊಮಿಯ ಮಡಿಲಲ್ಲಿ ಮಗುವಿತ್ತು. ನೆರೆಹೊರೆಯ ಹೆಂಗಸರು, ಈ ಸೊಸೆ ಏಳು ಗಂಡುಮಕ್ಕಳಿಗಿಂತ ಮೇಲು ಎಂದು ಹರಸಿದರು. ಅದೇ ದಾವೀದನ ವಂಶದ ಜೋಸೆಫರಿಗೆ ಮರಿಯಮ್ಮನವರು ನಿಶ್ಚಿತರಾದರು. ರೂತಳು ಹಕ್ಕಲಾಯ್ದ ಬೆತ್ಲೆಹೇಮಿನಲ್ಲೇ ಜೀವದ ರೊಟ್ಟಿಯಾದ ಯೇಸುಸ್ವಾಮಿ ಜನಿಸಿದರು. ವಯಸ್ಸಾದ ಎಲಿಜಬೇತಮ್ಮನವರ ಮನೆಗೆ ಅವಸರದಿಂದ ಹೋಗಿ ಮೂರು ತಿಂಗಳು ಉಳಿದ ಮರಿಯಮ್ಮನವರಲ್ಲಿ ರೂತಳ ಗುಣವೇ ತುಂಬಿ ಬಂದಿದೆ.

ಇಂದಿನಿಂದ ನಾಲ್ಕು ರಾತ್ರಿ, ಜಪಸರದ ನಂತರ, ದಿನಕ್ಕೊಂದು ಅಧ್ಯಾಯದಂತೆ ಈ ಗ್ರಂಥವನ್ನು ಮನೆಯಲ್ಲಿ ಓದಿ. ಸೊಸೆ ಓದಲಿ, ಅತ್ತೆ ಕೇಳಲಿ. ಮರುದಿನ ಅತ್ತೆ ಓದಲಿ. ಇಂದಿನ ಹಬ್ಬದ ಊಟಕ್ಕೆ ಒಂದು ಎಲೆ ಹೆಚ್ಚಿಗೆ ಹಾಕಿ, ನಿಮ್ಮ ವಾಳೆಯಲ್ಲಿ ಒಂಟಿಯಾಗಿ ಉಣ್ಣುವವರನ್ನು ಕರೆಯಿರಿ. ಆಗ ನಿಮ್ಮ ಮನೆಯೂ ರೊಟ್ಟಿಯ ಮನೆಯಾಗುತ್ತದೆ.

ಮಾತೆ ಮರಿಯಮ್ಮನವರು ನಮ್ಮೆಲ್ಲರ ಕುಟುಂಬಗಳಿಗಾಗಿ ತಮ್ಮ ಪುತ್ರನಲ್ಲಿ ಬೇಡಿಕೊಳ್ಳಲಿ. ಆಮೆನ್.