ಕುಳಿಬಿದ್ದ ಕೆನ್ನೆ: ಚಿಕಿತ್ಸೆಯೋ, ಅಲಂಕಾರವೋ?

(ಜುಮುಅ ಖುತ್ಬಾದ ಸಾರಾಂಶ)



ಮನುಷ್ಯನನ್ನು ಅತ್ಯುತ್ತಮ ರೂಪದಲ್ಲಿ ಸೃಷ್ಟಿಸಿರುವುದಾಗಿ ಅಲ್ಲಾಹನು ಸೂರಃ ಅತ್ತೀನ್‌ನಲ್ಲಿ ತಿಳಿಸಿದ್ದಾನೆ. ಹಾಗಿರುವಾಗ ಸೂಜಿ ಚುಚ್ಚಿಸಿ ಮುಖ ತುಂಬಿಸಿಕೊಳ್ಳಬಹುದೇ? ಕಾಯಿಲೆಯಿಂದ ಮುಖ ಕುಗ್ಗಿದವರೂ ಇದನ್ನು ಕೇಳುತ್ತಾರೆ, ಕನ್ನಡಿ ನೋಡಿ ಬೇಸರಗೊಂಡವರೂ ಕೇಳುತ್ತಾರೆ. ಇಬ್ಬರಿಗೂ ಒಂದೇ ಉತ್ತರ ಕೊಡಲಾಗದು.

ಇದರಲ್ಲಿ ಎರಡು ವಿಧಾನಗಳಿವೆ. ಹೊಟ್ಟೆ ಅಥವಾ ತೊಡೆಯಿಂದ ನಮ್ಮದೇ ಕೊಬ್ಬನ್ನು ತೆಗೆದು ಮುಖದ ತಗ್ಗಿಗೆ ತುಂಬುವುದು ಒಂದು. ಅದರಲ್ಲಿ ಒಂದು ಭಾಗ ಕರಗಿಹೋಗುತ್ತದೆ, ಉಳಿದದ್ದು ನೆಲೆಯೂರುತ್ತದೆ. ಇನ್ನೊಂದು, ಫಿಲ್ಲರ್ ಎಂಬ ಚುಚ್ಚುಮದ್ದು. ಹೆಚ್ಚಿನ ಫಿಲ್ಲರ್‌ಗಳು ಕೆಲವು ತಿಂಗಳಲ್ಲಿ ಕರಗುವುದರಿಂದ ಮತ್ತೆ ಮತ್ತೆ ಹಾಕಿಸಬೇಕಾಗುತ್ತದೆ.

ಸಹಾಬಿ ಅರ್ಫಜ ಬಿನ್ ಅಸ್‌ಅದ್(ರ)ರ ಮೂಗು ಯುದ್ಧವೊಂದರಲ್ಲಿ ತುಂಡಾಗಿತ್ತು. ಬೆಳ್ಳಿಯ ಮೂಗು ಹಾಕಿಸಿದರು, ಅದು ದುರ್ವಾಸನೆ ಬೀರತೊಡಗಿತು. ಆಗ ಪ್ರವಾದಿ(ಸ) ಚಿನ್ನದ ಮೂಗು ಹಾಕಿಸಿಕೊಳ್ಳಲು ಹೇಳಿದರು. ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ಈ ಹದೀಸ್ ಇದೆ. ಪುರುಷರಿಗೆ ನಿಷಿದ್ಧವಾದ ಚಿನ್ನವೇ ಇಲ್ಲಿ ಅನುಮತಿಸಲ್ಪಟ್ಟಿತು. ಕಳೆದುಕೊಂಡದ್ದನ್ನು ಮರಳಿ ಪಡೆಯುವುದು ಅಲ್ಲಾಹನ ಸೃಷ್ಟಿಯನ್ನು ಬದಲಿಸುವುದಲ್ಲ.

ಆದರೆ ಕೇವಲ ಚೆಲುವಿಗಾಗಿ ಹಲ್ಲುಗಳ ನಡುವೆ ಸಂದು ಮಾಡಿಸಿಕೊಳ್ಳುವವರ ಮೇಲೆ ಶಾಪವಿರುವುದನ್ನು ಇಬ್ನು ಮಸ್‌ಊದ್(ರ) ವರದಿ ಮಾಡಿದ್ದಾರೆ. 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯೂ ಇದೇ ಗೆರೆ ಎಳೆಯಿತು: ಹುಟ್ಟಿನ ಊನ, ಸುಟ್ಟಗಾಯ, ಅಪಘಾತ, ರೋಗಗಳಿಂದಾದ ವಿಕಾರವನ್ನು ಸರಿಪಡಿಸಬಹುದು, ರೋಗವಿಲ್ಲದೆ, ವಯಸ್ಸಿನಿಂದ ಬಂದ ಸುಕ್ಕನ್ನು ಅಳಿಸಲು ಚುಚ್ಚುಮದ್ದು ಸಲ್ಲದು.

2021ರಲ್ಲಿ ಕೊರೋನಾದ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರವನ್ನು ನಾವು ಮರೆತಿಲ್ಲ. ನಮ್ಮ ರಾಜ್ಯದಲ್ಲೂ ಎಷ್ಟೋ ಮಂದಿ ಕಣ್ಣು, ಮೇಲ್ದವಡೆ ಕಳೆದುಕೊಂಡು ಬದುಕುಳಿದರು. ಮೂಳೆ ಹೋದಲ್ಲಿ ಮೊದಲು ದೊಡ್ಡ ಶಸ್ತ್ರಚಿಕಿತ್ಸೆ ಬೇಕು. ಉಳಿದ ತಗ್ಗನ್ನು ಸಮಗೊಳಿಸಲು ಕೊಬ್ಬು ನೆರವಾಗುತ್ತದೆ. ಅಂಥವರು ಚಿಕಿತ್ಸೆ ಬಯಸಿದರೆ "ಸಬ್ರ್ ಮಾಡಿ" ಎಂದಷ್ಟೇ ಹೇಳಿ ಕಳಿಸುವುದು ನಮಗೆ ಶೋಭಿಸದು. ಸಾಧ್ಯವಿದ್ದರೆ ಖರ್ಚಿನಲ್ಲಿ ಪಾಲುಗೊಳ್ಳೋಣ.

ಎಚ್ಚರಿಕೆಯೂ ಬೇಕು. ಫಿಲ್ಲರ್ ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಕಣ್ಣೇ ಹೋಗಬಹುದು. ಕೊಬ್ಬು ತುಂಬುವಾಗಲೂ ಈ ಅಪಾಯವಿದೆ. ಬ್ಯೂಟಿ ಪಾರ್ಲರ್‌ನಲ್ಲಿ ಮಾಡಿಸುವ ಕೆಲಸ ಇದಲ್ಲ. ತರಬೇತಿ ಪಡೆದ ವೈದ್ಯರ ಬಳಿಗೇ ಹೋಗಬೇಕು. ಮದ್ದು ಯಾವುದರಿಂದ ತಯಾರಾಗಿದೆ ಎಂದೂ ಕೇಳಬೇಕು.

ಕೊನೆಗೊಂದು ಮಾತು. ಹೆಣ್ಣು ನೋಡಲು ಹೋದಾಗ "ಕೆನ್ನೆ ಬತ್ತಿದೆ" ಎನ್ನುವವರು ಯಾರು? ನಾವೇ. ಪರರನ್ನು ಅಪಹಾಸ್ಯ ಮಾಡಬಾರದೆಂದು ಸೂರಃ ಅಲ್‌ಹುಜುರಾತ್ ನಮಗೆ ಕಲಿಸಿದೆ. ಆ ನಾಲಿಗೆಯನ್ನು ಮೊದಲು ಹಿಡಿದರೆ, ಎಷ್ಟೋ ಹುಡುಗಿಯರಿಗೆ ಸೂಜಿಯ ಯೋಚನೆಯೇ ಬಾರದು.

ರೋಗಿಗಳಿಗೆ ಅಲ್ಲಾಹನು ಶಿಫಾ ನೀಡಲಿ, ನಮ್ಮ ರೂಪದಂತೆ ನಮ್ಮ ನಡತೆಯನ್ನೂ ಸುಂದರಗೊಳಿಸಲಿ. ಆಮೀನ್.