ಯಾವ ಕೋಣೆಗೆ ಯಾವ ಹೂವು?

ಇವತ್ತು ಮನೆಯೊಳಗೆ ತಾಜಾ ಹೂವು ಇಡೋದರ ಬಗ್ಗೆ ಮಾತಾಡೋಣ. "ಇದಕ್ಕೂ ಒಂದು ವಿಡಿಯೋನಾ?" ಅಂತ ನಗಬೇಡಿ. ನಮ್ಮಲ್ಲಿ ತುಂಬಾ ಜನ ಇರೋದು ಬಾಡಿಗೆ ಫ್ಲ್ಯಾಟಿನಲ್ಲಿ. ಹನ್ನೊಂದು ತಿಂಗಳ ಅಗ್ರಿಮೆಂಟು. ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ, ಬಣ್ಣ ಬದಲಿಸೋ ಹಾಗಿಲ್ಲ. ಓನರ್‌ನ ಕೇಳದೆ ನಾವು ಬದಲಾಯಿಸಬಹುದಾದ ಕೆಲವೇ ವಸ್ತುಗಳಲ್ಲಿ ಹೂವೂ ಒಂದು.

ನಾನಿರೋದು ಪುಣೆಯ ವಾಕಡ್‌ನಲ್ಲಿ, ಕೆಲಸ ಟೆಸ್ಟಿಂಗು, ಊರು ಹಾಸನದ ಕಡೆ. ಊರಿನ ಹಿತ್ತಲಲ್ಲಿ ದಾಸವಾಳ, ನಂದಬಟ್ಟಲು, ಕಾಕಡ, ಕನಕಾಂಬರ ಎಲ್ಲಾ ಇತ್ತು. ಸಂಜೆಯಾದ್ರೆ ಅಮ್ಮ ಬಾಳೆನಾರು ನೆನೆಸಿಟ್ಟುಕೊಂಡು ಹೂ ಕಟ್ಟೋಕೆ ಕೂರೋರು. ಆದ್ರೆ ನೋಡಿ, ನಮ್ಮ ಮನೆಯಲ್ಲಿ ಒಂದೇ ಒಂದು ಹೂದಾನಿ ಇರಲಿಲ್ಲ. ಹೂವು ಅಂದ್ರೆ ದೇವರಿಗೆ, ಮುಡಿಗೆ, ಹಬ್ಬ ಬಂದ್ರೆ ಬಾಗಿಲಿಗೆ. ಸುಮ್ಮನೆ ಟೇಬಲ್ ಮೇಲೆ ಇಡೋದು ಅಂದ್ರೆ ಅಮ್ಮನಿಗೆ ದಂಡ ಖರ್ಚು.

ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡ್ರು. ಅಮ್ಮನ್ನ ಪುಣೆಗೆ ಕರ್ಕೊಂಡು ಬಂದೆ. ಅಷ್ಟು ಹೊತ್ತಿಗೆ ಅವರು ಹೂ ಮುಡಿಯೋದು ಬಿಟ್ಟಿದ್ರು. ಬಿಡಿ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳೋ ಅಗತ್ಯ ಯಾರಿಗೂ ಬೀಳಲಿಲ್ಲ, ಅಷ್ಟೇ. ಹೂ ಕಟ್ಟೋದೂ ನಿಂತಿತ್ತು.

ಅಮ್ಮನಿಗೆ ಸ್ವಲ್ಪ ಗೆಲುವಾಗಲಿ ಅಂತ ಒಂದು ಭಾನುವಾರ ಬೆಳಿಗ್ಗೆ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್‌ಗೆ ಹೋದೆ. ಸುಗಂಧರಾಜ ಕೊಡಿ ಅಂದ್ರೆ ಅಂಗಡಿಯವನು ನನ್ನ ಮುಖ ನೋಡಿದ. ಇಲ್ಲಿ ಅದು ನಿಶಿಗಂಧ. ದೆಹಲಿಯವರು ಗಾಜೀಪುರ ಮಂಡಿಯಲ್ಲಿ ರಜನಿಗಂಧಾ ಅಂತ ಕೇಳಬೇಕು. ಚೆನ್ನೈನವರ ಕಥೆ ಇನ್ನೂ ಮಜಾ. ಕೋಯಂಬೇಡಿನಲ್ಲಿ ನಮ್ಮ ಸಂಪಿಗೆ ಬೇಕು ಅಂತ 'ಸಂಪಂಗಿ' ಕೇಳಿದ್ರೆ ಕೈಗೆ ಬರೋದು ಸುಗಂಧರಾಜ! ಸಂಪಿಗೆ ಬೇಕಿದ್ರೆ 'ಶೆಣ್ಬಗಂ' ಅನ್ನಬೇಕು. ಸೇವಂತಿಗೆ ಮಾತ್ರ ನಮ್ಮ ಕೈಬಿಡಲ್ಲ: ದಾದರ್‌ನಲ್ಲಿ ಶೇವಂತಿ, ಹೈದರಾಬಾದಿನ ಗುಡಿಮಲ್ಕಾಪುರದಲ್ಲಿ ಚಾಮಂತಿ. ದೆಹಲಿಯಲ್ಲಿ ಮಾತ್ರ ಗುಲ್‌ದಾವುದಿ.

ಸರಿ, ಹತ್ತು ಕಡ್ಡಿ ಸುಗಂಧರಾಜ ತಂದು ಅಮ್ಮ ಮಲಗೋ ರೂಮಿನಲ್ಲೇ ಇಟ್ಟೆ. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದ್ರೆ ಅಮ್ಮ ಹಾಲ್‌ನಲ್ಲಿ ಸೋಫಾ ಮೇಲೆ ಕೂತಿದ್ದಾರೆ. ಏನಾಯ್ತಮ್ಮಾ ಅಂದೆ. "ಆ ವಾಸನೆ ಬೇಡ ಕಣೆ. ಅವತ್ತು ಇಡೀ ದಿನ ಅದೇ ಇತ್ತು," ಅಂದ್ರು.

ಅಪ್ಪನಿಗೆ ಹಾಕಿದ ಹಾರಗಳೆಲ್ಲ ಸುಗಂಧರಾಜದ್ದೇ. ನನಗೆ ಹೊಳೆದೇ ಇರಲಿಲ್ಲ. ಬಣ್ಣ ನೋಡಿದ್ದೆ, ರೇಟು ನೋಡಿದ್ದೆ, ಫೋಟೋದಲ್ಲಿ ಹೇಗೆ ಕಾಣುತ್ತೆ ಅಂತಲೂ ನೋಡಿದ್ದೆ. ಆ ರೂಮಿನಲ್ಲಿ ಮಲಗೋರು ಯಾರು ಅಂತ ನೋಡಿರಲಿಲ್ಲ.

ಆಮೇಲೆ ನಾನು ಶುರು ಮಾಡೋದೇ ವಾಸನೆಯಿಂದ. ಸುಗಂಧರಾಜದ ಘಮ ರಾತ್ರಿ ಹೊತ್ತು ಜಾಸ್ತಿ. ಮುಚ್ಚಿದ ಕಿಟಕಿ, ಎಸಿ ಹಾಕಿದ ಸಣ್ಣ ರೂಮು ಆದ್ರೆ ನೆನಪಿನ ಮಾತು ಬಿಡಿ, ಬರೀ ತಲೆನೋವಿಗೇ ಎಷ್ಟೋ ಜನಕ್ಕೆ ನಿದ್ದೆ ಬರಲ್ಲ. ಮಲಗೋ ಕೋಣೆಗೆ ಘಮ ಇಲ್ಲದ ಜರ್ಬೆರಾ ಅಥವಾ ಒಂದೆರಡು ಗುಲಾಬಿ ಸಾಕು. ಜರ್ಬೆರಾಗೆ ಎರಡು ಮೂರು ಇಂಚು ನೀರು ಸಾಕು. ಜಾಸ್ತಿ ಮುಳುಗಿಸಿದ್ರೆ ಅದರ ದಂಟು ಕೊಳೆತು ತಲೆ ಬಗ್ಗಿಸುತ್ತೆ. ಸುಗಂಧರಾಜ ಇಷ್ಟಪಡೋರು ಹಾಲ್‌ನಲ್ಲಿ, ಬಾಲ್ಕನಿ ಬಾಗಿಲ ಹತ್ತಿರ ಇಡಿ. ಕೆಳಗಿನ ಮೊಗ್ಗು ಮೊದಲು ಅರಳುತ್ತೆ. ಬಾಡಿದ್ದನ್ನ ಕಿತ್ತು ಹಾಕ್ತಾ ಬಂದ್ರೆ ಮೇಲಿನವು ಅರಳ್ತಾ ಹೋಗ್ತವೆ.

ಹಾಲ್‌ಗೆ ನನ್ನ ಆಯ್ಕೆ ಅಗಲವಾದ ಹಿತ್ತಾಳೆ ಬೋಗುಣಿ, ಅದರ ತುಂಬ ನೀರು, ಮೇಲೆ ತೇಲೋ ಸೇವಂತಿಗೆ, ಚೆಂಡುಹೂವು. ಟೀಪಾಯಿ ಮೇಲೆ ಎತ್ತರದ ಹೂದಾನಿ ಇಟ್ಟರೆ ಎದುರು ಕೂತವರ ಮುಖ ಕಾಣಲ್ಲ, ಮಾತಾಡೋಕೆ ಕತ್ತು ವಾಲಿಸಬೇಕು. ಬಿಡಿ ಹೂವು ಕಿಲೋ ಲೆಕ್ಕದಲ್ಲಿ ಸಿಗುತ್ತೆ, ಕಾಲು ಕಿಲೋ ತಂದ್ರೆ ಬೋಗುಣಿ ತುಂಬಿ ಮಿಗುತ್ತೆ. ಒಂದು ವಿಷಯ ಗಟ್ಟಿಯಾಗಿ ಹೇಳ್ತೀನಿ: ಈ ನೀರನ್ನ ಎರಡು ದಿನಕ್ಕೊಮ್ಮೆ ಚೆಲ್ಲಿ, ಪಾತ್ರೆಯ ಒಳಗೋಡೆ ಉಜ್ಜಿ ತೊಳೀಬೇಕು. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ಇಂಥ ನಿಂತ ತಿಳಿನೀರಿನಲ್ಲೇ. ಮೊಟ್ಟೆಯಿಂದ ಸೊಳ್ಳೆ ಆಗೋಕೆ ಹೆಚ್ಚುಕಡಿಮೆ ಒಂದು ವಾರ ಹತ್ತು ದಿನ ಸಾಕು. ಮಳೆಗಾಲದಲ್ಲಿ ಅಷ್ಟು ಪುರುಸೊತ್ತು ಇಲ್ಲ ಅನ್ನೋರು ನೀರು ಬಿಟ್ಟುಬಿಡಿ, ಒಣ ತಟ್ಟೆಯಲ್ಲೇ ಹೂ ಹರಡಿ. ಒಂದು ದಿನ ಚೆನ್ನಾಗಿರುತ್ತೆ, ಅಷ್ಟಕ್ಕೆ ಖುಷಿಪಡೋಣ. ಬೆಕ್ಕು ಸಾಕಿದವರು ಲಿಲ್ಲಿ ಹೂವನ್ನ ಮನೆಗೆ ತರಲೇಬೇಡಿ. ಅದರ ಪರಾಗ, ಹೂದಾನಿಯ ನೀರು ಕೂಡ ಬೆಕ್ಕಿನ ಕಿಡ್ನಿ ಹಾಳು ಮಾಡುತ್ತೆ.

ಅಡುಗೆಮನೆಗೆ ಬೇರೆ ಖರ್ಚು ಬೇಡ. ಮುರಿದ, ಗಿಡ್ಡ ಕಡ್ಡಿಗಳು ಒಂದು ಸ್ಟೀಲ್ ಲೋಟದಲ್ಲಿ. ಆದ್ರೆ ಬಾಳೆಹಣ್ಣು, ಮಾವಿನಹಣ್ಣಿನ ಬುಟ್ಟಿ ಪಕ್ಕ ಇಡಬೇಡಿ. ಹಣ್ಣಾಗುವಾಗ ಬರೋ ಎಥಿಲೀನ್ ಅನಿಲಕ್ಕೆ ಹೂವು ಬೇಗ ಮುದುಡುತ್ತೆ, ಕಾರ್ನೇಷನ್ ಅಂತೂ ಮೊದಲು. ಇನ್ನು ತಳೇಗಾಂವ್ ಕಡೆಯ ಪಾಲಿಹೌಸ್ ಗುಲಾಬಿ ಆಗಲಿ, ಯಾವ ಅಂಗಡಿ ಗುಲಾಬಿ ಆಗಲಿ, ನೋಡೋಕೆ ಮಾತ್ರ. ಅದಕ್ಕೆ ಕೀಟನಾಶಕ ಹೊಡೆದಿರ್ತಾರೆ. ಎಸಳು ಕಿತ್ತು ಪಾಯಸದ ಮೇಲೆ ಉದುರಿಸಬೇಡಿ. ಪೂಜೆಗೆ ತಂದ ಕಣಗಿಲೆ ಉಳಿದ್ರೆ ಅದನ್ನೂ ಅಡುಗೆ ಕಟ್ಟೆ ಮೇಲೆ, ಮಕ್ಕಳ ಕೈಗೆ ಸಿಗೋ ಕಡೆ ಇಡಬೇಡಿ. ಆ ಗಿಡ ಇಡೀ ವಿಷ.

ಕೆಲಸದ ಟೇಬಲ್‌ಗೆ ಬುಡ ಭಾರ ಇರೋ ಬಾಟಲಿ. ಇದನ್ನ ಅನುಭವದಿಂದ ಹೇಳ್ತಿದ್ದೀನಿ. ಲ್ಯಾಪ್‌ಟಾಪ್ ಕೆಟ್ಟಿದ್ದಕ್ಕೆ ಕಾರಣ 'ಹೂವಿನ ನೀರು' ಅಂತ ಟಿಕೆಟ್‌ನಲ್ಲಿ ಬರೆದವಳು ನಮ್ಮ ಆಫೀಸಿನಲ್ಲಿ ನಾನೊಬ್ಬಳೇ ಇರಬೇಕು.

ಯಾವ ಕೋಣೆಗೆ ಇಟ್ಟರೂ, ತಂದ ತಕ್ಷಣ ಕಡ್ಡಿಯ ತುದಿಯನ್ನ ಓರೆಯಾಗಿ ಒಂದು ಇಂಚು ಕತ್ತರಿಸಿ. ನೀರಲ್ಲಿ ಮುಳುಗೋ ಎಲೆ ತೆಗೀರಿ, ಅದೇ ಕೊಳೆತು ನೀರು ನಾರೋದು. ಸಕ್ಕರೆ ಹಾಕಿ ಅಂತ ಎಲ್ಲರೂ ಹೇಳ್ತಾರೆ, ಬರೀ ಸಕ್ಕರೆ ಹಾಕಿದ್ರೆ ಬ್ಯಾಕ್ಟೀರಿಯಾಗೆ ಊಟ. ದಿನಾ ನೀರು ಬದಲಿಸೋದೇ ಒಳ್ಳೇದು.

ಇನ್ನು ಹೊಸ್ತಿಲು. ಅದು ನನ್ನ ಕೆಲಸ ಅಲ್ಲ, ಅಮ್ಮನದು. ಅದು ಹೇಗಾಯ್ತು ಅಂದ್ರೆ, ಹೋದ ವರ್ಷ ದಸರಾದಲ್ಲಿ ಪಕ್ಕದ ಮನೆ ಆಜಿ ಬಾಗಿಲಲ್ಲಿ ಕೂತು ತೋರಣ ಮಾಡ್ತಿದ್ರು. ದಸರಾ ಅಂದ್ರೆ ಇಲ್ಲಿ ಮನೆಮನೆಗೂ ಚೆಂಡುಹೂವಿನ ತೋರಣ. ಅಮ್ಮನಿಗೆ ಮರಾಠಿ ಬರಲ್ಲ, ಆಜಿಗೆ ಕನ್ನಡ ಬರಲ್ಲ. ಆಜಿ ಹೂ ತೋರಿಸಿ "ಝೆಂಡು" ಅಂದ್ರಂತೆ, ಅಮ್ಮ "ಚೆಂಡು" ಅಂದ್ರಂತೆ. ಅಷ್ಟು ಸಾಕಾಯ್ತು. ಆಜಿ ಸೂಜಿಯಲ್ಲಿ ಪೋಣಿಸ್ತಿದ್ರು. ಅಮ್ಮ ಸ್ವಲ್ಪ ಹೊತ್ತು ನೋಡಿ, ದಾರ ತಗೊಂಡು ಸೂಜಿ ಇಲ್ಲದೆ ಬೆರಳಲ್ಲೇ ಗಂಟು ಹಾಕಿ ಕಟ್ಟೋದು ತೋರಿಸಿದ್ರು. ನಾನು ಆಫೀಸಿಂದ ಬಂದಾಗ ಎರಡು ಮನೆಯ ಬಾಗಿಲಿಗೂ ತೋರಣ ಇತ್ತು, ಅಮ್ಮನ ಬೆರಳು ಹಳದಿಯಾಗಿತ್ತು. ನಾನು ಏನೂ ಕೇಳಲಿಲ್ಲ.

ಈಗ ಪ್ರತಿ ಭಾನುವಾರ ಬಿಡಿ ಮೊಗ್ರಾ ತರ್ತೀನಿ. ಅರಳಿದ್ದಲ್ಲ, ಬಿಗಿ ಮೊಗ್ಗು. ಮಧ್ಯಾಹ್ನ ಕಟ್ಟಿದ್ರೆ ಸಂಜೆಗೆ ಅರಳುತ್ತೆ. ಮಿಕ್ಕಿದ್ದನ್ನ ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿ ಇಟ್ಟರೆ ಮಾರನೇ ದಿನಕ್ಕೂ ಬರುತ್ತೆ. ಅಮ್ಮ ಎರಡು ಮೊಳ ಕಟ್ತಾರೆ. ಒಂದು ಮೊಳ ನನಗೆ ಮುಡಿಸ್ತಾರೆ. ಇನ್ನೊಂದನ್ನ ಚಿಕ್ಕ ತಟ್ಟೆಯಲ್ಲಿ ಸುರುಳಿ ಸುತ್ತಿ ತಮ್ಮ ದಿಂಬಿನ ಪಕ್ಕ ಇಟ್ಕೊಂಡು ಮಲಗ್ತಾರೆ. ಮಲಗೋ ಕೋಣೆಗೆ ಘಮದ ಹೂವು ಬೇಡ ಅಂತ ಈಗಷ್ಟೇ ಹೇಳಿದೆನಲ್ಲ, ಆ ನಿಯಮ ಆ ರೂಮಿನಲ್ಲಿ ನಡೆಯಲ್ಲ.

"ನೀನೂ ಮುಡ್ಕೊಳ್ಳಮ್ಮ" ಅಂತ ಎರಡು ಸಲ ಹೇಳಿದ್ದೀನಿ. ಮೊದಲ ಸಲ ಎದ್ದು ಅಡುಗೆಮನೆಗೆ ಹೋದ್ರು. ಎರಡನೇ ಸಲ, "ದಾರ ಮುಗೀತು, ಮುಂದಿನ ವಾರ ಜಾಸ್ತಿ ತಗೊಂಬಾ," ಅಂದ್ರು.